ಅಮಾವಾಸ್ಯೆಯಂದು ಓಡಿದ ಯಂತ್ರ ಯಾರದು ಎಂಬ ಬಗ್ಗೆ ದೃಢೀಕರಣ ಕೋರಿ

ಇಂದ:
ಕಾಳಿಯಪ್ಪನ್, ವಯಸ್ಸು ಎಪ್ಪತ್ತಾರು, ನೇಕಾರರು,
ಊರ ನೇಕಾರರ ಸಂಘದ ಅಧ್ಯಕ್ಷರು (ಈ ಅರ್ಜಿ ಬರೆಯುವ ಹೊತ್ತಿನವರೆಗೆ),
ಸೋಮನೂರು, ಕೊಯಮತ್ತೂರು ಜಿಲ್ಲೆ.

ಗೆ:
ಮಾನ್ಯ ಪಾಲಕ ಮಹಾಶಯರು,
‘ಬ್ರೆಂಟಾ’ ಎಂಬ ಜಾವಾ ವೆಬ್ ಚೌಕಟ್ಟಿನ ಮುಕ್ತ ಮೂಲಸಂಕೇತ ಭಂಡಾರ,
ಅಂತರ್ಜಾಲ.
(ಊರು, ಬೀದಿ, ಬಾಗಿಲ ಸಂಖ್ಯೆ ತಿಳಿದುಬಂದಿರುವುದಿಲ್ಲ.)

ವಿಷಯ: ಮಹಾಲಯ ಅಮಾವಾಸ್ಯೆಯಂದು ಓಡಿದ ಯಂತ್ರವು ಅರ್ಜಿದಾರರ ಮನೆಯದಲ್ಲ, ತಮ್ಮದೇ ಎಂದು ದೃಢೀಕರಣ ಪತ್ರ ದಯಪಾಲಿಸುವ ಬಗ್ಗೆ.

ಉಲ್ಲೇಖ:
1. ತಮ್ಮ ಭಂಡಾರದ ಮುಖಪುಟದಲ್ಲಿರುವ ವಾಕ್ಯ: “ಯಾರು ಬೇಕಾದರೂ ಒಂದೇ ಆಜ್ಞೆಯಿಂದ ಇದನ್ನು ಮೂಲದಿಂದ ಕಟ್ಟಿಕೊಳ್ಳಬಹುದು.”
2. ಅರ್ಜಿದಾರರ ಮೊಮ್ಮಗಳು ಕುಮಾರಿ ವಿನೋದಿನಿಯು ತಮಗೆ ಸಲ್ಲಿಸಿದ ದೂರು ಮತ್ತು ಅದರ ಮೇಲೆ ತಮ್ಮ ಯಂತ್ರಗುಮಾಸ್ತರು ಬರೆದ ಷರಾ.
3. ಅರ್ಜಿದಾರರ ಕನ್ನಡಕ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಅರ್ಜಿದಾರರು ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ಈ ಅರ್ಜಿಯನ್ನು ಕನ್ನಡದಲ್ಲಿ ಬರೆಯಲಾಗಿದೆ. ತಮ್ಮ ಚೌಕಟ್ಟು ಜಗತ್ತಿನ ಸಕಲ ಲಿಪಿಗಳನ್ನೂ ಸಮಾನ ಗೌರವದಿಂದ ಸ್ವೀಕರಿಸುತ್ತದೆ ಎಂದು ತಾವೇ ಸಾರಿಕೊಂಡಿರುವ ಕಾರಣ, ಆ ಮಾತಿನ ಮೊದಲ ಪರೀಕ್ಷೆ ಇದೆಂದು ಭಾವಿಸತಕ್ಕದ್ದು. ಅರ್ಜಿದಾರರು ಬಾಲ್ಯದಲ್ಲಿ ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿದ್ದುಕೊಂಡು, ಅಲ್ಲಿನ ಶಾಲೆಯಲ್ಲಿ ಗದ್ಯರಚನೆಯನ್ನು ಬೆತ್ತದ ಸಮಕ್ಷಮದಲ್ಲಿ ಕಲಿತವರು. ಅವರ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ. ಅವರನ್ನು ಬಿಟ್ಟು ಯಾರೂ ಓದಲಾರರು. ಆದಕಾರಣ ಈ ಅರ್ಜಿಯ ಒಕ್ಕಣೆಯ ಬಗ್ಗೆ ಮನೆಯಿಂದ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ.

ಪ್ರಕರಣದ ವಿವರಗಳು ಈ ಕೆಳಗಿನಂತಿವೆ:

1. ಅರ್ಜಿದಾರರ ಮನೆಯ ಹಿಂಭಾಗದಲ್ಲಿ ವಿದ್ಯುತ್ ಮಗ್ಗಗಳ ಒಂದು ಷೆಡ್ಡು ಇದೆ. ಷೆಡ್ಡಿಗೆ ತಗುಲಿಕೊಂಡಂತೆ, ಅರ್ಜಿದಾರರ ತಂದೆಯವರು ಗುಂಡಿಮಗ್ಗದಲ್ಲಿ ಕುಳಿತು ನೇಯುತ್ತಿದ್ದ ಕೋಣೆ ಇದೆ. ಆ ಮಗ್ಗವನ್ನು ಗೆದ್ದಲು ತಿಂದ ಮೇಲೆ ಗುಂಡಿಯನ್ನು ಮುಚ್ಚಿ ಸಿಮೆಂಟು ಬಳಿಯಲಾಯಿತು. ಕೋಣೆಯ ಗೋಡೆ ಎರಡು ಅಡಿ ದಪ್ಪದ ಮಣ್ಣಿನದಾದ ಕಾರಣ, ಮಗ್ಗಗಳು ಓಡುತ್ತಿರುವಾಗ ಒಬ್ಬರು ಆಡಿದ್ದು ಇನ್ನೊಬ್ಬರಿಗೆ ಕೇಳುವ ಜಾಗ ಇಡೀ ಮನೆಯಲ್ಲಿ ಅದೊಂದೇ. ಆದ್ದರಿಂದ ಅದಕ್ಕೆ ಇಬ್ಬರು ಹಕ್ಕುದಾರರು ಹುಟ್ಟಿಕೊಂಡರು.

2. ಮೊದಲನೆಯವಳು ಮಗನ ಮಗಳು ವಿನೋದಿನಿ. ಕಂಪ್ಯೂಟರ್ ಓದಿದವಳು; ಹಗಲೆಲ್ಲ ಷೆಡ್ಡಿನ ಲೆಕ್ಕಪತ್ರ, ಮೇಸ್ತ್ರಿಗಳ ಜಗಳ ನೋಡಿಕೊಳ್ಳುವವಳು. ಹಾಸಿನ ನೂಲು ಸುತ್ತಿದ ಬೀಮು ಎಂಬ ಉರುಳೆ ಯಾವ ಮಗ್ಗಕ್ಕೆ ಏರಿದೆ, ಬಟ್ಟೆ ಯಾವಾಗ ಇಳಿಯುತ್ತದೆ ಎಂಬುದನ್ನು ತಿರುಪ್ಪೂರಿನ ವ್ಯಾಪಾರಿ ತನ್ನ ಫೋನಿನಲ್ಲೇ ಕಾಣುವಂತಹ ಒಂದು ಜಾಲತಾಣವನ್ನು ಮಾಡಲು ಹೊರಟಿದ್ದಾಳೆ. ಇದುವರೆಗೆ ವ್ಯಾಪಾರಿ ಕೇಳುವುದು, ನೇಕಾರ “ನಾಳೆ ಇಳಿಯುತ್ತೆ” ಎನ್ನುವುದು, ಇದೇ ಏರ್ಪಾಡು. ಈ ‘ನಾಳೆ’ ಎಂಬ ತಿಥಿಯನ್ನು ಅರ್ಜಿದಾರರು ಯಾವ ಪಂಚಾಂಗದಲ್ಲೂ ಕಂಡಿಲ್ಲ, ಅದನ್ನು ಸ್ವತಃ ಐವತ್ತು ವರ್ಷ ಬಳಸಿದ್ದರೂ.

ಎರಡನೆಯವರು ಅರ್ಜಿದಾರರ ಅಳಿಯ ಲೋಗನಾಥನ್. ಪರದೇಶಕ್ಕೆಂದು ತಿರುಪ್ಪೂರಿನಲ್ಲಿ ಹೊಲಿದು, ಪರದೇಶದವರು ಬೇಡವೆಂದ ಬನಿಯನ್ನುಗಳನ್ನು ಮೂಟೆಯಲ್ಲಿ ತಂದು ಸ್ವದೇಶಕ್ಕೆ ಮಾರುವವರು. ದೀಪಾವಳಿಯ ಸರಕಿಗೆ ಅವರಿಗೆ ಉಗ್ರಾಣ ಬೇಕಾಗಿತ್ತು.

3. ಕೋಣೆಯ ಬಗ್ಗೆ ಅರ್ಜಿದಾರರು ತೀರ್ಪು ಕೊಟ್ಟರು. ನೇಯುವವನ ಮನೆಗೆ ಕೊಂಡ ಬಟ್ಟೆ ಬರಬಾರದು ಎಂಬುದು ಮನೆತನದ ಕಟ್ಟಳೆ. ಅದೇ ಪ್ರಕಾರ, ವಿನೋದಿನಿಯು ತನ್ನ ಜಾಲತಾಣಕ್ಕೆ ಬುನಾದಿಯಾಗಬೇಕಾದ ತಮ್ಮ ಚೌಕಟ್ಟನ್ನು ಸಿದ್ಧಪಡಿಸಿದ ರೂಪದಲ್ಲಿ ತರತಕ್ಕದ್ದಲ್ಲ. ಮೂಲಸಂಕೇತವನ್ನು ತಂದು ಈ ಮನೆಯೊಳಗೇ ಕಟ್ಟತಕ್ಕದ್ದು. ನವರಾತ್ರಿಯ ಮೊದಲ ದಿನದ ಸೂರ್ಯೋದಯದೊಳಗೆ ಕಟ್ಟಿದರೆ ಕೋಣೆ ಅವಳಿಗೆ, ತಪ್ಪಿದರೆ ಅಳಿಯಂದಿರ ಮೂಟೆಗಳಿಗೆ. ಆ ಸಂದರ್ಭದ ಸಂಭಾಷಣೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

“ತಾತಾ, ಅದನ್ನ ಕಟ್ಟಿ ರೆಡಿಯಾಗಿ ಇಟ್ಟಿರ್ತಾರೆ. ಒಂದೇ ಒಂದು ಫೈಲು. ಊರೆಲ್ಲ ಅದನ್ನೇ ಇಳಿಸ್ಕೊಳ್ಳೋದು.”

“ಊರೆಲ್ಲ ನೈಟಿ ಹಾಕ್ಕೊಂಡು ತರಕಾರಿಗೆ ಹೋಗುತ್ತೆ. ಅದಕ್ಕೆ ನಿಮ್ಮಜ್ಜಿ ಹೋಗ್ಬೇಕಾ?”

ಅರ್ಜಿದಾರರ ಧರ್ಮಪತ್ನಿ ಅಂಗಮ್ಮನವರು ಅಡುಗೆಮನೆಯಿಂದ: “ನಾನು ಹೋಗ್ತಾನೇ ಇದೀನಿ. ನೋಡೋಕೆ ನಿಮಗೆ ಪುರಸೊತ್ತಿಲ್ಲ, ಅಷ್ಟೇ.”

4. ತೀರ್ಪಿಗೆ ಅಳಿಯಂದಿರು ಲಿಖಿತವಲ್ಲದ ಒಂದು ಆಕ್ಷೇಪಣೆ ಎತ್ತಿದರು. “ಮಾಮಾ, ಮೂಲದಿಂದ ಕಟ್ತೀವಿ ಅಂತೀರ. ಆದ್ರೆ ಅದನ್ನ ಕಟ್ಟೋಕೆ ಬೇರೆ ಯಾರೋ ಮಾಡಿಟ್ಟ ನೂರಾರು ಫೈಲು ಇಳಿಸ್ಬೇಕಂತೆ. ಅದೆಲ್ಲ ರೆಡಿಮೇಡ್ ತಾನೆ?”

ಅರ್ಜಿದಾರರು ಉತ್ತರಿಸಿದ್ದೇನೆಂದರೆ, ನೇಕಾರನು ನೂಲನ್ನು ಕೊಳ್ಳುತ್ತಾನೆ. ಅಷ್ಟಕ್ಕೆ ಅವನನ್ನು ಹತ್ತಿ ಬೆಳೆಯಲಿಲ್ಲವೆಂದು ಯಾರೂ ಹೀಗಳೆದಿಲ್ಲ. ಅಳಿಯಂದಿರು ತಲೆಯಾಡಿಸಿದರು. ಅವರು ಒಪ್ಪಿ ತಲೆಯಾಡಿಸಿದರೆಂದು ಅರ್ಜಿದಾರರು ಅಂದು ತಪ್ಪು ತಿಳಿದರು.

5. ಆದರೂ ಆ ನೂರಾರು ಕಡತಗಳ ಬಗ್ಗೆ ತಮ್ಮಲ್ಲಿ ಒಂದು ಮಾತು ಹೇಳದಿದ್ದರೆ ಕರ್ತವ್ಯಲೋಪವಾದೀತು. ಮದುವೆಗೆ ಕರೆದ ಒಬ್ಬ ನೆಂಟ ತನ್ನ ನೆಂಟರನ್ನೂ, ಅವರು ತಮ್ಮ ಅಕ್ಕಪಕ್ಕದವರನ್ನೂ ಕರೆತಂದಂತೆ, ತಮ್ಮದೊಂದು ಕಡತ ಇನ್ನೊಂದನ್ನು ಬೇಡುತ್ತದೆ. ಅದು ಮತ್ತೆ ಮೂರನ್ನು ಬೇಡುತ್ತದೆ. ಒಂದು ಸಾಲಿನಲ್ಲಿ ಬರಹ ಉಂಟೋ ಇಲ್ಲವೋ ಎಂದು ಇಣುಕಿ ನೋಡಿ ಹೇಳುವುದಕ್ಕೆಂದೇ ಒಂದು ಕಡತವಿದೆಯಂತೆ. ನಮ್ಮ ಕಡೆ ಅಂಥ ಕೆಲಸಕ್ಕೆ ಸರ್ಕಾರ ಮಾತ್ರ ಆಳಿಡುತ್ತದೆ.

6. ಇನ್ನು ಅಮಾವಾಸ್ಯೆಯ ವಿಚಾರ. ಅಂದು ಮಗ್ಗ ಓಡಿಸಬಾರದೆಂಬುದು ನೇಕಾರರ ಹಳೆಯ ನಡೆ. ಈಚೆಗೆ ಅದು ಸಡಿಲವಾಗುತ್ತಿರುವುದನ್ನು ಕಂಡು, ಅದನ್ನು ನಮ್ಮ ಸಂಘದ ನಿಯಮವಾಗಿ ಬಿಗಿದು ಕಟ್ಟಿದವರು ಅರ್ಜಿದಾರರೇ. ಪಂಚಾಂಗದಲ್ಲಿ ತಿಥಿ ಪ್ರವೇಶವಾದ ಕ್ಷಣಕ್ಕೆ ಮೇನ್ ಸ್ವಿಚ್ ಆಫ್ ಆಗತಕ್ಕದ್ದು. ತಪ್ಪಿದಲ್ಲಿ, ಆ ಹೊತ್ತಿನಲ್ಲಿ ನೇಯ್ದದ್ದು ದೇವಿಯ ಗುಡಿಗೆ ಸೇರತಕ್ಕದ್ದು. ಮತ್ತು ಮೇನಿನ ಹೊಣೆ ಹೊತ್ತವನು ಸಂಘದ ಮುಂದಿನ ಊಟದ ಪಂಕ್ತಿಯಲ್ಲಿ ನೀರು ಬಡಿಸತಕ್ಕದ್ದು.

ಕಳೆದ ವರ್ಷ ಸಂಘದ ಕಾರ್ಯದರ್ಶಿ ಮುತ್ತುಸಾಮಿಯವರು ಸೀರೆಯ ಸೆರಗೊಂದು ಮುಗಿಯಲೆಂದು ತಿಥಿ ಬಂದ ಮೇಲೂ ಮಗ್ಗ ಓಡಿಸಿದರು. ಆ ಸೀರೆ ಅವರ ಮಗಳ ಮದುವೆಗೆಂದು ನೇಯ್ದದ್ದು ಎಂಬುದನ್ನು ಸಭೆಯ ಗಮನಕ್ಕೆ ತರಲಾಯಿತು. ನಿಯಮದಲ್ಲಿ ಮಗಳ ಪ್ರಸ್ತಾಪ ಇಲ್ಲವಾದ್ದರಿಂದ ಸೀರೆ ದೇವಿಗೆ ಹೋಯಿತು. ಮುತ್ತುಸಾಮಿಯವರು ಚೆಂಬು ಹಿಡಿದು ಪಂಕ್ತಿಯಲ್ಲಿ ಬಂದಾಗ ಅರ್ಜಿದಾರರು ಎರಡು ಬಾರಿ ನೀರು ಕೇಳಿ ಹಾಕಿಸಿಕೊಂಡರು. ಬಾಯಾರಿಕೆ ಇರಲಿಲ್ಲ.

7. ಆಡಿ ತಿಂಗಳ ಅಮಾವಾಸ್ಯೆಯಂದು ತಿಥಿ ಮಧ್ಯಾಹ್ನ ಪ್ರವೇಶವಾಯಿತು. ಷೆಡ್ಡಿನವರೆಲ್ಲ ರಜೆಯ ಹಿಗ್ಗಿನಲ್ಲಿ ಮುಂಚೆಯೇ ಕೈ ತೊಳೆದಿದ್ದ ಕಾರಣ ವಿನೋದಿನಿಗೆ ಆ ತಿಂಗಳಲ್ಲಿ ಮೊದಲ ಬಾರಿ ಬಿಡುವು ಸಿಕ್ಕಿತ್ತು. ಅವಳು ಆ ಕೋಣೆಯಲ್ಲಿ ಕುಳಿತು ಉಲ್ಲೇಖ (1)ರಲ್ಲಿ ಹೇಳಿದ ಒಂದೇ ಆಜ್ಞೆಯನ್ನು ಕೊಟ್ಟಿದ್ದಳು. ಕಡತಗಳು ಇಳಿಯುತ್ತಿದ್ದವು. ಆ ಕೋಣೆಗೆ ವಿದ್ಯುತ್ತು ಬರುವುದು ಷೆಡ್ಡಿನ ಮೇನಿನಿಂದ. ಅವಳ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಬಹಳ ಕಾಲವಾಗಿತ್ತು. ಸದರಿ ಸಮಯದಲ್ಲಿ ಮೇನ್ ಆಫ್ ಮಾಡಲ್ಪಟ್ಟಿತು. ಯಾರಿಂದ ಮಾಡಲ್ಪಟ್ಟಿತು ಎಂಬುದು ಈ ಅರ್ಜಿಗೆ ಅಪ್ರಸ್ತುತ.

“ತಾತಾ, ಕರೆಂಟ್ ಹೋಯ್ತಾ?”

“ಕರೆಂಟ್ ಹೋಗಿಲ್ಲ, ಕಣ್ಣು. ತಿಥಿ ಬಂತು.”

ಕೊಯಮತ್ತೂರಿನ ಪಕ್ಕದ ಕುರಿಚಿಯ ಕಾರ್ಖಾನೆಯೊಂದರಲ್ಲಿ ಕರೆಂಟು ಹೋದರೂ ಯಂತ್ರ ನಿಲ್ಲದಂತೆ ನೋಡಿಕೊಳ್ಳುವ ಪೆಟ್ಟಿಗೆ ಸಿಗುತ್ತದೆಂದು ಅವಳು ಸೂಚಿಸಿದಳು. ತಿಥಿಗೆ ಕಣ್ಣುಕಟ್ಟುವ ಪೆಟ್ಟಿಗೆ ಅಧ್ಯಕ್ಷರ ಮನೆಯಲ್ಲಿ ಇರಲಾಗದೆಂದು ಆ ಸೂಚನೆಯನ್ನು ತಳ್ಳಿಹಾಕಲಾಯಿತು.

8. ಮರುದಿನದಿಂದ ಕಟ್ಟುವ ಕೆಲಸ ಕೈಗೂಡಲಿಲ್ಲ. ವಿನೋದಿನಿ ವಿವರಿಸಿದ್ದೇನೆಂದರೆ, ಅರ್ಧ ಇಳಿದ ಕಡತಗಳನ್ನು ಕಟ್ಟುವ ಸಲಕರಣೆಯು ಪೂರ್ತಿ ಇಳಿದವೆಂದೇ ನಂಬಿ ಲ್ಯಾಪ್‌ಟಾಪಿನೊಳಗಿನ ತನ್ನ ಉಗ್ರಾಣಕ್ಕೆ ಸೇರಿಸಿಕೊಂಡಿದೆ. ಆಮೇಲೆ ಅವನ್ನೇ ತೆಗೆದು ನೋಡಿ ‘ಇದರ ತಲೆಯೇ ಸರಿಯಿಲ್ಲ’ ಎಂದು ಮುನಿಸಿಕೊಳ್ಳುತ್ತದೆ. ಅರ್ಜಿದಾರರಿಗೆ ಇದು ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಪದಾಧಿಕಾರಿಗಳ ಆಯ್ಕೆಯೂ ಹಾಗೆಯೇ ನಡೆಯುತ್ತದೆ.

ಅವಳು ತಮಗೆ ದೂರು ಸಲ್ಲಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ತಮ್ಮ ಯಂತ್ರಗುಮಾಸ್ತರು, ಅಂದರೆ ತಾನಾಗಿ ಉತ್ತರ ಬರೆಯುವ ಬಾಟ್, ಅವಳ ಆಸಕ್ತಿಗೆ ಧನ್ಯವಾದ ಹೇಳಿ, ನಮೂನೆ ತುಂಬಿಲ್ಲವೆಂದರು. ತುಂಬಿದಳು. ಆನಂತರ ತಮ್ಮಲ್ಲೊಬ್ಬ ಮನುಷ್ಯರು, ಹೆಸರಿನ ಜಾಗದಲ್ಲಿ ಬೆಕ್ಕಿನ ಚಿತ್ರ ಹಾಕಿಕೊಂಡವರು, ಬಂದು ಹೀಗೆ ಬರೆದರು: “ನನ್ನ ಯಂತ್ರದಲ್ಲಿ ಸರಿಯಾಗಿಯೇ ನಡೆಯುತ್ತಿದೆ. ಉಗ್ರಾಣವನ್ನೆಲ್ಲ ಅಳಿಸಿ ಮೊದಲಿನಿಂದ ಇಳಿಸಿಕೊಳ್ಳಿ.” ಕೆಲವು ವಾರಗಳ ಮೇಲೆ ಯಂತ್ರಗುಮಾಸ್ತರು ಪುನಃ ಬಂದು, ಈ ದೂರಿನಲ್ಲಿ ಚಟುವಟಿಕೆ ಕಾಣದ ಕಾರಣ ಮುಚ್ಚಲಾಗಿದೆ ಎಂದರು.

ಹರಿದ ಪಂಚೆಯನ್ನು ಹಿಂದಕ್ಕೆ ತಂದ ಗಿರಾಕಿಗೆ ‘ನಾನು ಉಟ್ಟದ್ದು ಹರಿದಿಲ್ಲವಲ್ಲ’ ಎನ್ನುವ ನೇಕಾರನನ್ನು ಅರ್ಜಿದಾರರು ಈವರೆಗೆ ಕಂಡಿಲ್ಲ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಕೂಡ ಕಡತ ಮುಚ್ಚುವ ಮೊದಲು ಒಬ್ಬ ಮನುಷ್ಯ ಆಕಳಿಸುತ್ತಾನೆ. ಆ ಆಕಳಿಕೆಯ ಬೆಲೆ ಅರ್ಜಿದಾರರಿಗೆ ಈಗ ತಿಳಿಯಿತು.

9. ‘ಎಲ್ಲ ಅಳಿಸಿ’ ಎಂಬ ಸಲಹೆಯನ್ನು ಅರ್ಜಿದಾರರು ಒಪ್ಪಲಿಲ್ಲ. ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ ನಮ್ಮವರು ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಹಳೆಯ ಎಳೆಗಳ ತುದಿಯನ್ನು ಮಗ್ಗದಲ್ಲೇ ಉಳಿಸಿ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಹೊಸೆದು ಕೂಡಿಸುತ್ತಾರೆ. ಹೀ‌ಗೆ ಅಪ್ಪನ ಹಾಸಿನೊಂದಿಗೆ ಮಗನ ಹಾಸು ಕೂಡುತ್ತದೆ, ಮಗ್ಗ ಬರಿದಾಗುವುದಿಲ್ಲ. ಬರಿದಾದ ಮಗ್ಗ ಸೂತಕದ ಮನೆಯದು. ಆದ್ದರಿಂದ, ಕೆಟ್ಟ ಎಳೆ ಯಾವುದೆಂದು ಹುಡುಕಿ ಅಷ್ಟನ್ನೇ ಕೂಡಿಸತಕ್ಕದ್ದೆಂದು ವಿನೋದಿನಿಗೆ ಆಜ್ಞೆಯಾಯಿತು.

ಅವಳು ಷೆಡ್ಡಿನ ಕೆಲಸ ಮುಗಿಸಿ ಬಂದು ಪ್ರತಿದಿನ ಸಂಜೆ ಒಂದೊಂದೇ ಕಡತ ತೆರೆದು ನೋಡಿದಳು. ಒಂದು ಸರಿಹೋದರೆ ಮತ್ತೊಂದು ತಲೆ ಎತ್ತಿತು. ಆವಣಿ ತಿಂಗಳು ಕಳೆಯಿತು, ಪುರಟ್ಟಾಸಿ ತಿಂಗಳು ಬಂತು. ಅಳಿಯಂದಿರು ಬಂದಾಗಲೆಲ್ಲ ಕೈಯಲ್ಲಿ ಅಳತೆಯ ಟೇಪು ತಂದು ಕೋಣೆಯ ಗೋಡೆ ಅಳೆದು ಹೋದರು. ಗೋಡೆ ಪ್ರತಿ ಸಲವೂ ಅಷ್ಟೇ ಇತ್ತು.

ಕಡೆಗೆ ಅಂಗಮ್ಮನವರು ಮಧ್ಯಪ್ರವೇಶ ಮಾಡಿದರು. “ಏನುಂಗ, ನಿಮ್ಮಪ್ಪನ ಮಗ್ಗಕ್ಕೆ ಗೆದ್ದಲು ಹಿಡಿದಾಗ ಏನು ಮಾಡಿದ್ರಿ?”

“ಯಾಕೆ ಈಗ ಅದು?”

“ಒಂದೊಂದೇ ಗೆದ್ದಲು ಆರಿಸಿ ಆಚೆಗೆ ಬಿಟ್ರಾ? ಅಷ್ಟನ್ನೂ ಕಿತ್ತು ಹಾಕಿ ಸಿಮೆಂಟು ಬಳಿದ್ರಿ ತಾನೆ. ಆಗ ಎಲ್ಲಿತ್ತು ನಿಮ್ಮ ಸೂತಕ? ಆ ಪಿಳ್ಳೆ ಕಣ್ಣು ನೋಡಿ, ಮೆಣಸಿನಕಾಯಿ ಅರೆದ ಹಂಗೈತೆ.”

ಇದನ್ನು ವಿಶೇಷ ಸಂದರ್ಭವೆಂದು ಪರಿಗಣಿಸಿ, ಎಲ್ಲವನ್ನೂ ಅಳಿಸಲು ಅನುಮತಿ ನೀಡಲಾಯಿತು. ಅನುಮತಿ ಕೊಟ್ಟದ್ದು ಮಹಾಲಯ ಅಮಾವಾಸ್ಯೆಯ ಹಿಂದಿನ ಸಂಜೆ. ಅದರ ಮರುದಿನವೇ ನವರಾತ್ರಿ ಅಲ್ಲವಾದರೂ, ಮರುದಿನದ ಮರುದಿನ ಹೌದು.

10. ರಜೆಗೆ ಮುಂಚಿನ ಕೂಲಿ ಲೆಕ್ಕದಲ್ಲಿ ರಾತ್ರಿ ಕಳೆದು, ಮಹಾಲಯ ಅಮಾವಾಸ್ಯೆಯ ಬೆಳಕು ಹರಿಯುತ್ತಿದ್ದಂತೆ ವಿನೋದಿನಿ ಆ ಒಂದೇ ಆಜ್ಞೆಯನ್ನು ಪುನಃ ಕೊಟ್ಟಳು. ತಿಥಿ ಪ್ರವೇಶ ಬೆಳಗಿನ ತಿಂಡಿಯ ಹೊತ್ತಿಗೆ. ಅಳಿಯಂದಿರು ಸರಕು ಆಟೋದಲ್ಲಿ ಮೂಟೆಗಳನ್ನು ಮುಂಚಿತವಾಗಿಯೇ ತಂದು ಜಗಲಿಯ ಮೇಲೆ ಇಳಿಸಿ, ಅವುಗಳ ಮೇಲೆ ತಾವೇ ಕುಳಿತರು.

ಅರ್ಜಿದಾರರು ಪಂಚಾಂಗ ಹಿಡಿದು ಮೇನಿನ ಬಳಿ ಹೋಗಿ ನಿಂತರು. ಅಲ್ಲಿಂದ ಕೋಣೆಯ ಬಾಗಿಲು ಕಾಣುತ್ತದೆ. ಲ್ಯಾಪ್‌ಟಾಪಿನ ಪರದೆಯೂ ಕಾಣುತ್ತದೆ. ಪರದೆಯ ಮೇಲೆ ಹೆಸರುಗಳು ಒಂದರ ಹಿಂದೊಂದು ಸರಿಯುತ್ತಿದ್ದವು, ಹಾಸು ಹೂಡುವಾಗ ರಾಟೆಯಿಂದ ಎಳೆ ಬರುವ ಹಾಗೆ, ತಡೆದು, ಮತ್ತೆ ಹರಿದು. ಅರ್ಜಿದಾರರ ಕೈ ಮೇನಿನ ಹಿಡಿಗೆ ಹೋದದ್ದನ್ನು ವಿನೋದಿನಿ ಕಂಡಳು. ಕೀಲಿಮಣೆಯ ಮೇಲಿದ್ದ ಕೈಗಳನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

“ಹೊತ್ತಾಗಿದ್ರೆ ಆಫ್ ಮಾಡಿ ತಾತಾ. ನಿಯಮ ನಿಯಮ ತಾನೆ.”

ಈ ಮಾತಿನಲ್ಲಿ ದೂರಿನ ಲವಲೇಶವೂ ಇರಲಿಲ್ಲ. ಇದ್ದಿದ್ದರೆ ಅನುಕೂಲವಾಗುತ್ತಿತ್ತು, ಗದರಿ ಆಫ್ ಮಾಡಬಹುದಾಗಿತ್ತು.

ಈ ಹಂತದಲ್ಲಿ ಅರ್ಜಿದಾರರ ಕನ್ನಡಕ ಕಾಣೆಯಾಗಿರುವುದು ಅವರ ಗಮನಕ್ಕೆ ಬಂತು. ಕನ್ನಡಕವಿಲ್ಲದೆ ಪಂಚಾಂಗ ಓದಲಾಗದು. ಪಂಚಾಂಗ ಓದದೆ ತಿಥಿ ಪ್ರವೇಶವಾಯಿತೆಂದು ಹೇಳಲು ಅಧ್ಯಕ್ಷರಿಗೂ ಅಧಿಕಾರವಿಲ್ಲ. ಕಾರಣ, ಕೈಯನ್ನು ಹಿಡಿಯಿಂದ ತೆಗೆಯಲಾಯಿತು.

“ಅಂಗಮ್ಮಾ, ನನ್ನ ಕನ್ನಡಕ ಎಲ್ಲಿ?”

ಅಂಗಮ್ಮನವರು ಹೊರಬಂದು ಅರ್ಜಿದಾರರ ಮುಖವನ್ನು, ವಿಶೇಷವಾಗಿ ಅದರ ಮೇಲ್ಭಾಗವನ್ನು, ಕೊಂಚ ಹೊತ್ತು ನೋಡಿದರು. ಆಮೇಲೆ, “ನಾನು ಕಾಣೆ. ಬನ್ನಿ, ಹುಡುಕೋಣ,” ಎಂದರು.

ಅಕ್ಕಿಯ ಡ್ರಮ್ಮು, ದೇವರ ಪಟಗಳ ಹಿಂಭಾಗ, ತೊಗರಿಬೇಳೆಯ ಡಬ್ಬ, ಒಣಗಹಾಕಿದ ಪಂಚೆಯ ಮಡಿಕೆ, ಈ ಎಲ್ಲ ಸ್ಥಳಗಳನ್ನೂ ಶ್ರದ್ಧೆಯಿಂದ ತಪಾಸಣೆ ಮಾಡಲಾಯಿತು.

“ಮಾಮಾ, ಕನ್ನಡಕ ನಿಮ್ಮ ಹಣೆ...” ಎಂದು ಅಳಿಯಂದಿರು ಮೂಟೆಯ ಮೇಲಿಂದ ಆರಂಭಿಸಿದರು.

“ಮಾಪ್ಪಿಳ್ಳೆ, ಕಾಫಿ ಆಯ್ತಾ? ಒಳಗೆ ಬನ್ನಿ, ಇಡ್ಲಿ ಇದೆ,” ಎಂದರು ಅಂಗಮ್ಮನವರು.

11. ಕಡತಗಳು ಇಳಿದು ಮುಗಿದವು, ಪರೀಕ್ಷೆಗಳು ಆರಂಭವಾದವು. ತಮ್ಮ ಚೌಕಟ್ಟು ತಾನು ಸರಿಯಾಗಿದ್ದೇನೆಯೇ ಎಂದು ತನ್ನನ್ನೇ ಸಾವಿರಾರು ಪ್ರಶ್ನೆ ಕೇಳಿಕೊಳ್ಳುತ್ತದೆಂದು ತಿಳಿದು ಅರ್ಜಿದಾರರಿಗೆ ಪಾಲಕ ಮಹಾಶಯರಾದ ತಮ್ಮ ಮೇಲೆ ಮೊದಲ ಬಾರಿ ಗೌರವ ಮೂಡಿತು. ಮನುಷ್ಯರಲ್ಲಿ ಆ ಅಭ್ಯಾಸ ಕಡಿಮೆ. ಇಡ್ಲಿ ಮುಗಿಸಿ ಬಂದ ಅಳಿಯಂದಿರು ಲೋಪವೊಂದು ಸಿಗಲೆಂದು ವಿನೋದಿನಿಯ ಬೆನ್ನ ಹಿಂದೆ ನಿಂತರು.

“ಪಾಪಾ, ಈ ಟೆಸ್ಟನ್ನೆಲ್ಲ ಓಡಿಸ್ದೆ ಬಿಟ್ಬಿಡೋಕೂ ಒಂದು ಆಜ್ಞೆ ಇದೆಯಂತಲ್ಲ. ಯಾರಿಗೆ ಗೊತ್ತಾಗುತ್ತೆ? ಬೇಗ ಮುಗಿಸು.”

ಬೇಳೆಯ ಡಬ್ಬದೊಳಗೆ ಕೈಯಿಟ್ಟಿದ್ದ ಅರ್ಜಿದಾರರು ಅಲ್ಲಿಂದಲೇ ಹೇಳಿದರು: “ಚೆಕಿಂಗ್ ಬಿಟ್ಟ ಮಾಲು ನಿಮ್ಮ ಮೂಟೇಲೈತೆ ಮಾಪ್ಪಿಳ್ಳೆ. ಮೂರು ತೋಳಿನ ಬನಿಯನ್ನು ನಾನೇ ನೋಡಿದೀನಿ. ಅದು ಓಡಲಿ, ಪೂರ್ತಿ ಓಡಲಿ.”

ಅಳಿಯಂದಿರು ಫೋನು ತೆಗೆದು, ಡಬ್ಬದಲ್ಲಿ ಕನ್ನಡಕ ಹುಡುಕುತ್ತಿರುವ ಅರ್ಜಿದಾರರದೊಂದು ಭಾವಚಿತ್ರ ತೆಗೆದುಕೊಂಡರು.

ಪರೀಕ್ಷೆಗಳೆಲ್ಲ ತೇರ್ಗಡೆಯಾಗಿ, ಕಟ್ಟುವ ಕೆಲಸ ಯಶಸ್ವಿಯಾಯಿತೆಂದು ಪರದೆಯ ಮೇಲೆ ಹಸಿರು ಅಕ್ಷರ ಬಂತು. ವಿನೋದಿನಿ ಕುರ್ಚಿಯಿಂದ ಏಳಲಿಲ್ಲ. ಎರಡೂ ಅಂಗೈಯಿಂದ ಕಣ್ಣು ಒತ್ತಿಕೊಂಡು ಕುಳಿತಳು. ಅದೇ ಹೊತ್ತಿಗೆ ಕನ್ನಡಕವು ಅರ್ಜಿದಾರರ ಸ್ವಂತ ಹಣೆಯ ಮೇಲೆ ಪತ್ತೆಯಾಯಿತು. ಪಂಚಾಂಗ ಪರಿಶೀಲಿಸಿ, ತಿಥಿ ಪ್ರವೇಶವಾಗಿ ಬಹಳ ಹೊತ್ತಾಗಿರುವುದನ್ನು ಕಂಡು, ಕೂಡಲೇ ಮೇನ್ ಆಫ್ ಮಾಡಲಾಯಿತು. ಈ ಬಾರಿ ಯಾರು ಮಾಡಿದರೆಂದು ಹೇಳಲು ಅಡ್ಡಿಯಿಲ್ಲ: ಅರ್ಜಿದಾರರು.

ಅವಳು ಕಟ್ಟಿದ್ದು ಚೆನ್ನಾಗಿದೆ. ಈ ವಾಕ್ಯವನ್ನು ಮನೆಯಲ್ಲಿ ಹೇಳುವ ರೂಢಿಯಿಲ್ಲದ ಕಾರಣ ಇಲ್ಲಿ ಬರೆಯಲಾಗಿದೆ.

12. ಭಾವಚಿತ್ರವು ಅಂದೇ ಮುತ್ತುಸಾಮಿಯವರಿಗೆ ತಲುಪಿತು. ಅವರು ಸಂಜೆ ಬಂದು, ಬಹಳ ದಿನ ಕಾದ ಬಸ್ಸು ಕೊನೆಗೂ ಬಂದವರ ಮುಖ ಮಾಡಿಕೊಂಡು ಜಗಲಿಯಲ್ಲಿ ಕುಳಿತರು.

“ಅಣ್ಣಾ, ಈ ಫೋಟೋದಲ್ಲಿ ಕನ್ನಡಕ ಎಲ್ಲೈತೆ, ಸ್ವಲ್ಪ ನೋಡಿ ಹೇಳಿ.”

“ಕನ್ನಡಕ ಇಲ್ದೆ ಫೋಟೋ ಹೆಂಗೆ ನೋಡ್ಲಿ ಮುತ್ತುಸಾಮಿ?”

“ಹಾಕ್ಕೊಳ್ಳಿ ಅಣ್ಣಾ. ಈಗಲೂ ಅಲ್ಲೇ ಐತೆ.”

ಮುತ್ತುಸಾಮಿಯವರ ವಾದ ಸರಳವಾಗಿತ್ತು. ತಿಥಿಯಲ್ಲಿ ನೇಯ್ದದ್ದು ದೇವಿಗೆ. ವಿನೋದಿನಿ ಕಟ್ಟಿದ್ದು ತಿಥಿಯಲ್ಲಿ. ಆದ್ದರಿಂದ ಅದೂ ದೇವಿಗೆ. ಅದು ದೇವಿಗೆ ಹೋದರೆ ಅವಳು ಮನೆಗೆ ಏನನ್ನೂ ಕಟ್ಟಿದಂತಾಗಲಿಲ್ಲ. ಆದ್ದರಿಂದ ಕೋಣೆ ಅಳಿಯಂದಿರಿಗೆ. ಅರ್ಜಿದಾರರು ಸ್ವತಃ ಕಲಿಸಿದ ತರ್ಕವಾದ್ದರಿಂದ ಅದರಲ್ಲಿ ಬಿರುಕು ಹುಡುಕುವುದು ಕಷ್ಟವಾಯಿತು.

“ಅದು ಮುಕ್ತ ಮೂಲದ್ದಪ್ಪ. ಮೊದಲೇ ಎಲ್ಲರದೂ. ಎಲ್ಲರದು ಅಂದ್ಮೇಲೆ ದೇವಿದೂ ಹೌದು. ಹೊಸದಾಗಿ ಏನು ಕೊಡೋದು?”

“ಸರಿ ಅಣ್ಣಾ. ಹಾಗಂತ ಸಭೇಲಿ ಹೇಳಿ. ನನ್ನ ಮಗಳ ಸೀರೆ ವಾಪಸ್ ಕೊಡಿಸಿ.”

ಅರ್ಜಿದಾರರು ಪಂಚಾಂಗ ತೆರೆದು ಸಭೆಗೆ ದಿನ ಹುಡುಕಿದರು. ವಿಜಯದಶಮಿಯ ದಿನ ಸಂಘದ ಸಭೆ, ತೀರ್ಮಾನ, ಅನಂತರ ಊಟ. ಅಲ್ಲಿಯವರೆಗೆ ಕೋಣೆಗೆ ಬೀಗ. ಬೀಗದ ಕೈ ಮುತ್ತುಸಾಮಿಯವರ ಬಳಿ. ಮೂಟೆಗಳು ಜಗಲಿಯಲ್ಲಿವೆ. ಅಂಗಮ್ಮನವರು ಅವುಗಳ ಮೇಲೆ ಕುಳಿತು ಹುರುಳಿಕಾಯಿ ಹೆಚ್ಚುತ್ತಾರೆ. ವಿನೋದಿನಿ ಲ್ಯಾಪ್‌ಟಾಪನ್ನು ಷೆಡ್ಡಿನಲ್ಲಿ ಬೀಮುಗಳ ನಡುವೆ ಇಟ್ಟುಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು ಕೆಲಸ ಮಾಡುತ್ತಿದ್ದಾಳೆ. ಯಾರು ಕರೆದರೂ ಕೇಳಿಸುವುದಿಲ್ಲ, ಅರ್ಜಿದಾರರು ಕರೆದರೂ.

13. ಮೇಲ್ಕಂಡ ಸಂಗತಿಗಳ ಹಿನ್ನೆಲೆಯಲ್ಲಿ ಅರ್ಜಿದಾರರ ನಿಲುವು ಹೀಗಿದೆ. ಅಂದು ಕಡತಗಳನ್ನು ಕಳುಹಿಸಿದ ಯಂತ್ರಗಳು ತಮ್ಮ ದೇಶದಲ್ಲಿ ಓಡಿದವು. ನಮ್ಮ ಮನೆ ಕೇವಲ ಸ್ವೀಕರಿಸಿತು. ಅಮಾವಾಸ್ಯೆಯಂದು ಸ್ವೀಕರಿಸುವುದಕ್ಕೆ ನಿಷೇಧವಿದ್ದರೆ ಪುರೋಹಿತರು ಬದುಕುವಂತಿರಲಿಲ್ಲ. ಚಂದ್ರ ಎಲ್ಲರಿಗೂ ಒಬ್ಬನೇ ಆದ್ದರಿಂದ ಅದು ತಮ್ಮಲ್ಲೂ ಅಮಾವಾಸ್ಯೆಯೇ ಎಂಬುದು ನಿಜ. ಆದರೆ ತಾವು ನಮ್ಮ ಸಂಘದ ಸದಸ್ಯರಲ್ಲ. ಲ್ಯಾಪ್‌ಟಾಪಿನೊಳಗೆ ಏನೋ ಗಿರಗಿರನೆ ತಿರುಗಿತೆಂದು ಮುತ್ತುಸಾಮಿಯವರು ಹೇಳುತ್ತಾರೆ. ತಿರುಗಿದ್ದು ಫ್ಯಾನು. ಫ್ಯಾನು ದೇವಿಯ ಗರ್ಭಗುಡಿಯ ಮುಂದೆಯೂ ತಿರುಗುತ್ತದೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ:

(ಅ) ಸದರಿ ದಿನ ಓಡಿದ ಯಂತ್ರ ತಮ್ಮದೆಂದು, ಅದಕ್ಕೂ ಸೋಮನೂರಿನ ಯಾವುದೇ ಮೇನ್ ಸ್ವಿಚ್ಚಿಗೂ ಸಂಬಂಧವಿಲ್ಲವೆಂದು ದೃಢೀಕರಿಸಿ, ವಿಜಯದಶಮಿಯೊಳಗೆ ಪತ್ರ ಕಳುಹಿಸತಕ್ಕದ್ದು. ಬೆಕ್ಕಿನ ಚಿತ್ರದ ಮಹನೀಯರು ಸಹಿ ಮಾಡಿದರೂ ಅಡ್ಡಿಯಿಲ್ಲ. ಯಂತ್ರಗುಮಾಸ್ತರ ಸಹಿ ನಡೆಯುವುದಿಲ್ಲ.

(ಆ) ಅದು ಸಾಧ್ಯವಾಗದಿದ್ದಲ್ಲಿ, ತಮ್ಮ ಪರವಾನಗಿಯ ಕುರಿತು ಒಂದು ಸ್ಪಷ್ಟೀಕರಣ ನೀಡತಕ್ಕದ್ದು. ಚೌಕಟ್ಟಿನ ಪ್ರತಿಯನ್ನು ಯಾರಿಗೆ ಬೇಕಾದರೂ ಹಂಚಬಹುದೆಂದು ಅದರಲ್ಲಿ ಬರೆದಿದೆ ಎಂದು ವಿನೋದಿನಿ ಓದಿ ಹೇಳಿದ್ದಾಳೆ. ‘ಯಾರಿಗೆ ಬೇಕಾದರೂ’ ಎಂಬಲ್ಲಿ ದೇವತೆಗಳೂ ಸೇರುತ್ತಾರೆಯೇ ಎಂಬುದು ತಿಳಿಯಬೇಕಾಗಿದೆ. ಸೇರುವುದಾದರೆ, ಅವಳು ಕಟ್ಟಿದ್ದನ್ನು ಒಂದು ಪೆನ್‌ಡ್ರೈವಿನಲ್ಲಿ ಹಾಕಿ, ಅರಿಸಿನ ಕುಂಕುಮವಿಟ್ಟು ಗುಡಿಗೆ ಒಪ್ಪಿಸಲಾಗುವುದು. ನಿಯಮದಂತೆ ದೇವಿಗೂ ಸಂದಿತು, ಮನೆಯಲ್ಲೂ ಉಳಿಯಿತು. ಕೋಣೆ ಕಟ್ಟಿದವಳಿಗೇ ಸೇರುತ್ತದೆ.

(ಇ) ಸೀರೆಯನ್ನು ಹೀಗೆ ಪ್ರತಿ ಮಾಡುವ ಆಜ್ಞೆ ತಮ್ಮ ಭಂಡಾರದಲ್ಲಿ ಎಲ್ಲಾದರೂ ಇದ್ದರೆ ಅದನ್ನೂ ತಿಳಿಸಬೇಕು. ಇರಲಿಕ್ಕಿಲ್ಲ ಎಂದು ಅರ್ಜಿದಾರರು ಬಲ್ಲರು. ಆದರೂ ಕೇಳಲಾಗಿದೆ ಎಂಬುದು ದಾಖಲೆಯಲ್ಲಿರಲಿ.

(ಈ) ಉತ್ತರ ತಡವಾದಲ್ಲಿ, ಚಟುವಟಿಕೆ ಕಾಣದೆಂದು ಈ ಅರ್ಜಿಯನ್ನು ಮುಚ್ಚಬಾರದು. ಅರ್ಜಿದಾರರು ವಯಸ್ಸಾದವರು, ಅವರ ಚಟುವಟಿಕೆ ಹೊರಗೆ ಕಾಣುವಂಥದ್ದಲ್ಲ.

ಸ್ಥಳ: ಸೋಮನೂರು
ದಿನ: ನವರಾತ್ರಿಯ ಮೂರನೆಯ ದಿನ, ಕನ್ನಡಕ ಧರಿಸಿ

ಒಂದು ಪರೀಕ್ಷೆಯನ್ನೂ ಬಿಡದೆ ಓಡಿಸಿದ,
ತಮ್ಮ ವಿಶ್ವಾಸಿ,
(ಕಾಳಿಯಪ್ಪನ್)

ಲಗತ್ತುಗಳು:
1. ಹಸಿರು ಅಕ್ಷರದ ಪರದೆಯ ಚಿತ್ರ.
2. ಅರ್ಜಿದಾರರ ಭಾವಚಿತ್ರ (ಹಣೆಯ ಭಾಗವನ್ನು ಮಡಚಲಾಗಿದೆ).
3. ಅಮಾವಾಸ್ಯೆ ನಿಯಮದ ಪ್ರತಿ, ಅರ್ಜಿದಾರರ ಸ್ವಂತ ಒಕ್ಕಣೆಯಲ್ಲಿ.

ವಿ.ಸೂ.: ತಮ್ಮಿಂದ ಯಾವ ಉತ್ತರವೂ ಬಾರದ ಪಕ್ಷದಲ್ಲಿ, ಕನ್ನಡಕ ಎಲ್ಲಿತ್ತೆಂಬುದು ಮೊದಲಿನಿಂದಲೂ ತಿಳಿದಿತ್ತೆಂದು ಅರ್ಜಿದಾರರು ಸಭೆಯಲ್ಲಿ ಎದ್ದುನಿಂತು ಹೇಳುವವರಿದ್ದಾರೆ. ಅಂದಿನ ಪಂಕ್ತಿಯಲ್ಲಿ ಮುತ್ತುಸಾಮಿಯವರು ಎಷ್ಟು ಬಾರಿ ನೀರು ಕೇಳಿದರೂ ಅರ್ಜಿದಾರರೇ ಬಡಿಸತಕ್ಕದ್ದಾಗಿದೆ. ಚೆಂಬನ್ನು ತೊಳೆದಿಡಲಾಗಿದೆ.